ಜಪಾನಿ ಕಾರುಗಳು: ಬಳಕೆ ಮತ್ತು ನಿರ್ವಹಣೆ

ಜಪಾನಿನ ಕಂಪನಿಗಳು ವಿನ್ಯಾಸಗೊಳಿಸಿ, ಸ್ವದೇಶದಲ್ಲೋ ಹೊರದೇಶಗಳಲ್ಲಿರುವ ತಮ್ಮ ಕಾರ್ಖಾನೆಗಳಲ್ಲೋ ತಯಾರಿಸುವ ಪ್ರಯಾಣಿಕ ವಾಹನಗಳಿಗೆ ಜಪಾನಿ ಕಾರುಗಳೆಂದು ಹೆಸರು. ಟೊಯೋಟಾ, ಹೋಂಡಾ, ನಿಸ್ಸಾನ್, ಸುಜುಕಿ, ಮಜ್ದಾ, ಸುಬಾರು, ಮಿತ್ಸುಬಿಷಿ ಮತ್ತು ದೈಹತ್ಸು ಇವುಗಳ ಮುಖ್ಯ ತಯಾರಕರು. ಕಾರು ಎಲ್ಲಿ ತಯಾರಾಯಿತು ಎಂಬುದಕ್ಕಿಂತ ಯಾರ ವಿನ್ಯಾಸ, ಯಾವ ತಯಾರಿಕಾ ಪದ್ಧತಿ ಎಂಬುದು ಈ ವರ್ಗೀಕರಣದ ಆಧಾರ. ಹಾಗಾಗಿ ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಇನ್ನೋವಾ, ಅಮೆರಿಕದಲ್ಲಿ ತಯಾರಾಗುವ ಹೋಂಡಾ ಅಕಾರ್ಡ್ ಎರಡೂ ಜಪಾನಿ ಕಾರುಗಳೇ. ದಿನನಿತ್ಯ ಕಾರು ಓಡಿಸುವವರಲ್ಲಿ ಇವು ಹೆಸರು ಗಳಿಸಿರುವುದು ವೇಗಕ್ಕಾಗಲಿ ವೈಭವಕ್ಕಾಗಲಿ ಅಲ್ಲ. ಒಳ್ಳೆಯ ಮೈಲೇಜು, ಪದೇ ಪದೇ ಕೆಡದ ಎಂಜಿನ್, ಸುಲಭವಾಗಿ ಸಿಗುವ ಬಿಡಿಭಾಗ ಮತ್ತು ಮಾರುವಾಗ ಕೈಗೆ ಬರುವ ಬೆಲೆ ಈ ಹೆಸರಿಗೆ ಕಾರಣ.

ಹುಟ್ಟು ಮತ್ತು ಬೆಳವಣಿಗೆ

ಜಪಾನಿನ ಮೋಟಾರು ಉದ್ಯಮದ ಒಂದು ಮುಖ್ಯ ಬೇರು ನೇಯ್ಗೆಯ ಮಗ್ಗದಲ್ಲಿದೆ. ಸಕಿಚಿ ಟೊಯೋಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ, ನೂಲು ಹರಿದ ಕೂಡಲೇ ತಾನಾಗಿಯೇ ನಿಲ್ಲುತ್ತಿತ್ತು. ಅದರ ಪೇಟೆಂಟ್ ಹಕ್ಕು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿಗೆ ಮಾರಾಟವಾಯಿತು. ಸಕಿಚಿಯ ಮಗ ಕೀಚಿರೋ 1933ರಲ್ಲಿ ಮಗ್ಗದ ಕಾರ್ಖಾನೆಯಲ್ಲೇ ಮೋಟಾರು ವಿಭಾಗವನ್ನು ತೆರೆದ. 1936ರಲ್ಲಿ ಎಎ ಎಂಬ ಮೊದಲ ಕಾರು ಹೊರಬಂತು; 1937ರಲ್ಲಿ ಟೊಯೋಟಾ ಮೋಟರ್ ಪ್ರತ್ಯೇಕ ಕಂಪನಿಯಾಯಿತು. ಮಿಚಿಯೋ ಸುಜುಕಿ 1909ರಲ್ಲಿ ಹಮಮತ್ಸುವಿನಲ್ಲಿ ಆರಂಭಿಸಿದ್ದೂ ಮಗ್ಗದ ಕಾರ್ಖಾನೆಯನ್ನೇ. ಮಜ್ದಾ ಕಂಪನಿ 1920ರಲ್ಲಿ ಹಿರೋಷಿಮಾದಲ್ಲಿ ಕಾರ್ಕ್ ತಯಾರಿಸುವ ಉದ್ಯಮವಾಗಿ ಹುಟ್ಟಿತು. ಸುಬಾರು ಕಂಪನಿಯ ಮೂಲ ನಕಾಜಿಮಾ ವಿಮಾನ ಕಾರ್ಖಾನೆ. ಸೊಯಿಚಿರೋ ಹೋಂಡಾ ಎರಡನೆಯ ಮಹಾಯುದ್ಧದ ನಂತರ ಸೈಕಲ್ಲಿಗೆ ಸಣ್ಣ ಎಂಜಿನ್ ಜೋಡಿಸಿ ಮಾರುತ್ತಿದ್ದ; ಅವನ ಕಂಪನಿ ಸ್ಥಾಪನೆಯಾದದ್ದು 1948ರಲ್ಲಿ, ನಾಲ್ಕು ಚಕ್ರದ ವಾಹನಗಳಿಗೆ ಕೈಹಾಕಿದ್ದು 1963ರಲ್ಲಿ.

ಯುದ್ಧದಲ್ಲಿ ಸೋತು ಬಡವಾಗಿದ್ದ ದೇಶಕ್ಕೆ ದೊಡ್ಡ ಕಾರು ಎಟುಕುವಂತಿರಲಿಲ್ಲ. ಸರ್ಕಾರ 1949ರಲ್ಲಿ ಕಡಿಮೆ ತೆರಿಗೆಯ ಕಿರು ವಾಹನಗಳ ವರ್ಗವೊಂದನ್ನು ಗೊತ್ತುಮಾಡಿತು. ಸುಜುಕಿಯ ಸುಜುಲೈಟ್ (1955), ಸುಬಾರು 360 (1958) ಈ ವರ್ಗದ ಆರಂಭಿಕ ಕಾರುಗಳು. ನಿಸ್ಸಾನಿನ ಸನ್ನಿ ಮತ್ತು ಟೊಯೋಟಾದ ಕೊರೋಲಾ ಎರಡೂ 1966ರಲ್ಲಿ ಮಾರುಕಟ್ಟೆಗೆ ಬಂದು ಮಧ್ಯಮ ವರ್ಗದ ಮನೆಗಳನ್ನು ತಲುಪಿದವು.

ರಫ್ತಿನ ಆರಂಭ ಸುಗಮವಾಗಿರಲಿಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕಕ್ಕೆ ಹೋದ ಟೊಯೋಟಾ ಕ್ರೌನ್ ಅಲ್ಲಿನ ಹೆದ್ದಾರಿಗಳ ವೇಗಕ್ಕೆ ಸಾಲದೆ ಸೋತಿತು. 1973ರ ತೈಲ ಬಿಕ್ಕಟ್ಟು ಪರಿಸ್ಥಿತಿಯನ್ನು ತಿರುಗಿಸಿತು. ಪೆಟ್ರೋಲ್ ತುಟ್ಟಿಯಾದಾಗ ಸಣ್ಣ ಎಂಜಿನ್ನಿನ ಕಾರಿಗೆ ಗಿರಾಕಿ ತಾನಾಗಿ ಬಂದ. ಅದೇ ಹೊತ್ತಿಗೆ ಹೋಂಡಾ ಕಂಪನಿಯ ಸಿವಿಸಿಸಿ ಎಂಜಿನ್, ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದೆಯೇ ಅಮೆರಿಕದ ವಾಯುಮಾಲಿನ್ಯ ನಿಯಮಗಳನ್ನು ಪಾಲಿಸಿ ತೋರಿಸಿತು. 1980ರಲ್ಲಿ ಜಪಾನ್ ವಾಹನ ತಯಾರಿಕೆಯಲ್ಲಿ ಅಮೆರಿಕವನ್ನು ಹಿಂದಿಕ್ಕಿತು. ಅಮೆರಿಕದ ಒತ್ತಡದಿಂದ ಮರುವರ್ಷವೇ ಜಪಾನ್ ಆ ದೇಶಕ್ಕೆ ತನ್ನ ಕಾರು ರಫ್ತನ್ನು ವರ್ಷಕ್ಕೆ 16.8 ಲಕ್ಷಕ್ಕೆ ಮಿತಿಗೊಳಿಸಲು ಒಪ್ಪಿತು. ಇದರಿಂದ ಹೊರದೇಶಗಳಲ್ಲೇ ಕಾರ್ಖಾನೆ ತೆರೆಯುವ ಕ್ರಮ ಚುರುಕಾಯಿತು. ಹೋಂಡಾ 1982ರಲ್ಲಿ ಅಮೆರಿಕದ ಓಹಾಯೋದ ಮೇರೀಸ್‌ವಿಲ್‌ನಲ್ಲಿ ಕಾರು ತಯಾರಿಕೆ ಆರಂಭಿಸಿತು. ಐಷಾರಾಮಿ ಕಾರುಗಳಿಗಾಗಿ ಹೋಂಡಾ ಅಕ್ಯೂರಾ (1986), ಟೊಯೋಟಾ ಲೆಕ್ಸಸ್ (1989), ನಿಸ್ಸಾನ್ ಇನ್ಫಿನಿಟಿ (1989) ಎಂಬ ಬೇರೆ ಹೆಸರುಗಳನ್ನು ಹುಟ್ಟುಹಾಕಿದವು.

ತಯಾರಿಕಾ ಪದ್ಧತಿ

ಜಪಾನಿ ಕಾರುಗಳ ಬಾಳಿಕೆಗೆ ತಳಹದಿ ಹಾಕಿದ್ದು ಯಾವುದೋ ಒಂದು ಎಂಜಿನ್ ಅಲ್ಲ, ತಯಾರಿಕೆಯ ಕ್ರಮ. ಟೊಯೋಟಾದ ತೈಚಿ ಓನೋ ರೂಪಿಸಿದ ಪದ್ಧತಿಯಲ್ಲಿ ಎರಡು ಸೂತ್ರಗಳಿವೆ. ಬೇಕಾದ ಭಾಗ, ಬೇಕಾದ ಹೊತ್ತಿಗೆ, ಬೇಕಾದಷ್ಟೇ ಬರಬೇಕು ಎಂಬುದು ಮೊದಲನೆಯದು. ಇದನ್ನು ಕಾನ್‌ಬಾನ್ ಎಂಬ ಚೀಟಿಗಳ ಮೂಲಕ ನಿಭಾಯಿಸುತ್ತಾರೆ. ತಪ್ಪು ಕಂಡಲ್ಲೇ ಕೆಲಸ ನಿಲ್ಲಬೇಕು ಎಂಬುದು ಎರಡನೆಯದು. ಸಕಿಚಿಯ ಮಗ್ಗದ ತತ್ವವೇ ಇಲ್ಲಿ ಕಾರಿನ ಕಾರ್ಖಾನೆಗೆ ಬಂದಿದೆ.

ಜೋಡಣೆಯ ಸಾಲಿನಲ್ಲಿ ಕೆಲಸಗಾರನ ತಲೆಯ ಮೇಲೆ ಒಂದು ಹಗ್ಗ ತೂಗುತ್ತಿರುತ್ತದೆ. ಬೋಲ್ಟ್ ಸರಿಯಾಗಿ ಕೂರಲಿಲ್ಲ, ಬಾಗಿಲಿನ ಸಂದು ಹೊಂದಲಿಲ್ಲ ಎಂದು ಕಂಡರೆ ಅವನು ಹಗ್ಗ ಎಳೆಯುತ್ತಾನೆ. ಆಂಡಾನ್ ಎಂಬ ಫಲಕದಲ್ಲಿ ದೀಪ ಹೊತ್ತಿಕೊಂಡು ಮೇಲ್ವಿಚಾರಕ ಅಲ್ಲಿಗೆ ಬರುತ್ತಾನೆ. ಕಾರು ಆ ಹಂತದ ಗಡಿಗೆರೆ ತಲುಪುವುದರೊಳಗೆ ದೋಷ ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ದೋಷವಿರುವ ಕಾರನ್ನು ಮುಂದೆ ತಳ್ಳಿ ಕೊನೆಗೆ ತಿದ್ದುವುದಕ್ಕಿಂತ ಇದು ಅಗ್ಗ ಎಂಬುದು ಈ ಪದ್ಧತಿಯ ಲೆಕ್ಕಾಚಾರ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಜಪಾನಿನಲ್ಲಿ ಗುಣಮಟ್ಟ ನಿಯಂತ್ರಣದ ಬಗ್ಗೆ ನೀಡಿದ ಉಪನ್ಯಾಸಗಳೂ ಇದಕ್ಕೆ ಪೂರಕವಾದವು. ಅವನ ಹೆಸರಿನ ಬಹುಮಾನವನ್ನು ಜಪಾನ್ 1951ರಿಂದ ಕೊಡುತ್ತಿದೆ.

ರಚನೆ

ಸಾಮಾನ್ಯ ಜಪಾನಿ ಕಾರಿನಲ್ಲಿ ಮೂರು ಅಥವಾ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಮುಂಭಾಗದಲ್ಲಿ ಅಡ್ಡಲಾಗಿ ಕುಳಿತು ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ. ವೇಗಕ್ಕೆ ತಕ್ಕಂತೆ ವಾಲ್ವ್ ತೆರೆಯುವ ಕ್ರಮವನ್ನು ಬದಲಿಸುವ ತಂತ್ರವನ್ನು ಹೋಂಡಾ ವಿಟೆಕ್ ಎಂಬ ಹೆಸರಿನಲ್ಲಿ 1989ರಲ್ಲಿ ಬಳಕೆಗೆ ತಂದಿತು. ಟೊಯೋಟಾದ ವಿವಿಟಿ-ಐ ಕೂಡ ಇದೇ ಜಾತಿಯದು. ಗೇರ್ ಪೆಟ್ಟಿಗೆ ಮ್ಯಾನುಯಲ್ ಆಗಿರಬಹುದು, ಇಲ್ಲವೆ ಉಕ್ಕಿನ ಬೆಲ್ಟ್ ಮತ್ತು ರಾಟೆಗಳಿಂದ ವೇಗ ಬದಲಿಸುವ ಸಿವಿಟಿ ಆಗಿರಬಹುದು. ಎಂಜಿನ್ನಿನ ವಿನ್ಯಾಸದಲ್ಲಿ ಸುಬಾರು ಕಾರುಗಳು ಇದಕ್ಕೆ ಹೊರತು. ಅವುಗಳಲ್ಲಿ ಪಿಸ್ಟನ್‌ಗಳು ಎದುರುಬದುರಾಗಿ ಮಲಗಿರುವ ಎಂಜಿನ್ ಇರುತ್ತದೆ. ಮಜ್ದಾ 1967ರ ಕಾಸ್ಮೋ ಸ್ಪೋರ್ಟ್‌ನಿಂದ ಪಿಸ್ಟನ್ನೇ ಇಲ್ಲದ ರೋಟರಿ ಎಂಜಿನ್ನನ್ನು ಬಳಸಿತು.

ಹೈಬ್ರಿಡ್ ಕಾರಿನಲ್ಲಿ ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುತ್ತದೆ. 1997ರ ಡಿಸೆಂಬರಿನಲ್ಲಿ ಬಂದ ಟೊಯೋಟಾ ಪ್ರಿಯಸ್, ಹೆಚ್ಚಿನ ಸಂಖ್ಯೆಯಲ್ಲಿ ತಯಾರಾದ ಮೊದಲ ಹೈಬ್ರಿಡ್ ಕಾರು. ಇದರಲ್ಲಿ ಎಂಜಿನ್ ಮತ್ತು ಎರಡು ಮೋಟಾರುಗಳನ್ನು ಒಂದು ಗ್ರಹಚಕ್ರ ಗೇರ್ ಜೋಡಣೆ ಬೆಸೆಯುತ್ತದೆ. ನೋಡಲು ಜಟಿಲವಾದ ಈ ವ್ಯವಸ್ಥೆಯಲ್ಲಿ ಕ್ಲಚ್ ಪ್ಲೇಟ್, ಪ್ರತ್ಯೇಕ ಸ್ಟಾರ್ಟರ್ ಮೋಟಾರು, ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರ್ ಯಾವುವೂ ಇಲ್ಲ. ಸಾಮಾನ್ಯ ಕಾರಿನಲ್ಲಿ ಸವೆದು ಬದಲಾಗುವ ಭಾಗಗಳೇ ಇವು. ಟ್ಯಾಕ್ಸಿ ಚಾಲಕರು ಹೈಬ್ರಿಡ್ ಕಾರನ್ನು ಮೆಚ್ಚಿಕೊಳ್ಳಲು ಇದೂ ಒಂದು ಕಾರಣ.

ವಿಧಗಳು

ಕೇಯ್ ಕಾರು: ಜಪಾನಿನ ಕಾನೂನು ಗೊತ್ತುಮಾಡಿರುವ ಕಿರು ವರ್ಗ. ಈಗಿನ ಮಿತಿ 3.4 ಮೀಟರ್ ಉದ್ದ, 1.48 ಮೀಟರ್ ಅಗಲ, 2 ಮೀಟರ್ ಎತ್ತರ, 660 ಸಿಸಿ ಎಂಜಿನ್. ಎಂಜಿನ್ ಮಿತಿ 1976ರಲ್ಲಿ 550 ಸಿಸಿಗೂ 1990ರಲ್ಲಿ 660 ಸಿಸಿಗೂ ಏರಿತು. ಹಳದಿ ನಂಬರ್ ಪ್ಲೇಟ್ ಇವುಗಳ ಗುರುತು. ಸುಜುಕಿ ವ್ಯಾಗನ್ ಆರ್ ಮೂಲತಃ ಈ ವರ್ಗದ ಕಾರು. ಭಾರತದಲ್ಲಿ ಅದೇ ಹೆಸರಿನಲ್ಲಿ ಮಾರಾಟವಾಗುವುದು ಇದಕ್ಕಿಂತ ದೊಡ್ಡದು.

ಸಣ್ಣ ಕಾರು ಮತ್ತು ಸೆಡಾನ್: ಸ್ವಿಫ್ಟ್, ಸಿವಿಕ್, ಕೊರೋಲಾ ಮೊದಲಾದವು. ಕೊರೋಲಾ ಹೆಸರಿನ ಕಾರುಗಳ ಒಟ್ಟು ಮಾರಾಟ 2021ರಲ್ಲಿ 5 ಕೋಟಿ ದಾಟಿತು.

ಬಹುಪ್ರಯಾಣಿಕ ಮತ್ತು ನಾಲ್ಕುಚಕ್ರ ಚಾಲಿತ ವಾಹನಗಳು: ಮೊದಲ ಗುಂಪಿಗೆ ಇನ್ನೋವಾ, ಎರ್ಟಿಗಾ, ಎರಡನೆಯದಕ್ಕೆ 1951ರಲ್ಲಿ ಹುಟ್ಟಿದ ಲ್ಯಾಂಡ್ ಕ್ರೂಸರ್, ಸುಜುಕಿ ಜಿಮ್ನಿ, ಮಿತ್ಸುಬಿಷಿ ಪಜೇರೊ. ಲ್ಯಾಂಡ್ ಕ್ರೂಸರ್ ಮತ್ತು ಹೈಲಕ್ಸ್ ಪಿಕಪ್ ಆಫ್ರಿಕಾ, ಆಸ್ಟ್ರೇಲಿಯಾಗಳ ಒಳನಾಡಿನಲ್ಲಿ ಹೆಚ್ಚು ಬಳಕೆಯಲ್ಲಿವೆ.

ವಿದ್ಯುತ್ ಮತ್ತು ಜಲಜನಕ ಕಾರುಗಳು: ಮಿತ್ಸುಬಿಷಿ ಐ-ಮೀವ್ (2009), ನಿಸ್ಸಾನ್ ಲೀಫ್ (2010), ಜಲಜನಕದಿಂದ ಓಡುವ ಟೊಯೋಟಾ ಮಿರಾಯ್ (2014).

ಜನಪ್ರಿಯತೆಯ ಕಾರಣಗಳು

ಕಾರು ಕೊಳ್ಳುವಾಗಿನ ಬೆಲೆಗಿಂತ ಇಟ್ಟುಕೊಂಡಷ್ಟು ಕಾಲ ತಗಲುವ ಒಟ್ಟು ಖರ್ಚಿನಲ್ಲಿ ಇವುಗಳ ಅನುಕೂಲ ಕಾಣುತ್ತದೆ. ಒಂದೇ ಎಂಜಿನ್, ಒಂದೇ ಗೇರ್ ಪೆಟ್ಟಿಗೆಯನ್ನು ಹಲವು ಮಾದರಿಗಳಲ್ಲಿ ಹಲವು ವರ್ಷ ಬಳಸುವುದು ಜಪಾನಿ ಕಂಪನಿಗಳ ರೂಢಿ. ಇದರಿಂದ ಬಿಡಿಭಾಗದ ಬೆಲೆ ಇಳಿಯುತ್ತದೆ, ಮೆಕ್ಯಾನಿಕ್‌ಗಳ ಕೈ ಪಳಗುತ್ತದೆ, ಹಳೆಯ ದೋಷಗಳು ಗೊತ್ತಾಗಿ ತಿದ್ದಲ್ಪಡುತ್ತವೆ. ಹೊಸ ತಂತ್ರಜ್ಞಾನ ತಡವಾಗಿ ಬರುವುದು ಇದೇ ರೂಢಿಯ ಇನ್ನೊಂದು ಮುಖ.

ಕೊರತೆಗಳೂ ಇವೆ. ಅಗ್ಗದ ಮಾದರಿಗಳಲ್ಲಿ ರಸ್ತೆಯ ಸದ್ದು ಒಳಗೆ ಹೆಚ್ಚಾಗಿ ಕೇಳುತ್ತದೆ. ಸುರಕ್ಷತೆಯ ವಿಷಯದಲ್ಲಿ ಭಾರತದ ಸಣ್ಣ ಕಾರುಗಳು ಬಹುಕಾಲ ಟೀಕೆಗೆ ಗುರಿಯಾಗಿದ್ದವು. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2014ರಲ್ಲಿ ನಡೆಸಿದ ಡಿಕ್ಕಿ ಪರೀಕ್ಷೆಗಳಲ್ಲಿ ಏರ್‌ಬ್ಯಾಗ್ ಇಲ್ಲದ ಆಲ್ಟೊ 800, ಸ್ವಿಫ್ಟ್, ದಟ್ಸನ್ ಗೋ ಕಾರುಗಳಿಗೆ ಒಂದು ನಕ್ಷತ್ರವೂ ದಕ್ಕಲಿಲ್ಲ. ಹತ್ತು ವರ್ಷಗಳ ನಂತರ, 2024ರಲ್ಲಿ, ಹೊಸ ಡಿಜೈರ್ ಅದೇ ಸಂಸ್ಥೆಯಿಂದ ಐದು ನಕ್ಷತ್ರ ಪಡೆಯಿತು.

ನಿರ್ವಹಣೆ

ಜಪಾನಿ ಕಾರು ಕೆಡುವುದೇ ಇಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ, ತಪ್ಪೂ ಆಗಿದೆ. ಇವುಗಳ ವಿನ್ಯಾಸವೇ ನಿಗದಿತ ಸರ್ವಿಸನ್ನು ಲೆಕ್ಕಕ್ಕೆ ಹಿಡಿದು ಮಾಡಿದ್ದು. ಸರ್ವಿಸ್ ತಪ್ಪಿದರೆ ಬಾಳಿಕೆಯೂ ತಪ್ಪುತ್ತದೆ. ಮಾಲೀಕರ ಕೈಪಿಡಿಯಲ್ಲಿ ಸಾಮಾನ್ಯವಾಗಿ ಎರಡು ವೇಳಾಪಟ್ಟಿಗಳಿರುತ್ತವೆ, ಒಂದು ಸಾಧಾರಣ ಬಳಕೆಗೆ, ಇನ್ನೊಂದು ಕಠಿಣ ಬಳಕೆಗೆ. ದೂಳು, ನಿಂತು ನಿಂತು ಸಾಗುವ ದಟ್ಟಣೆ, ಎಂಜಿನ್ ಬಿಸಿಯಾಗುವ ಮುನ್ನವೇ ಮುಗಿಯುವ ಗಿಡ್ಡ ಪ್ರಯಾಣ, ಹೆಚ್ಚು ಹೊರೆ ಇವೆಲ್ಲ ಕಠಿಣ ಬಳಕೆಯ ಲಕ್ಷಣಗಳು. ಬೆಂಗಳೂರಿನಂಥ ನಗರದಲ್ಲಿ ಓಡುವ ಕಾರಿಗೆ ಎರಡನೆಯ ಪಟ್ಟಿಯೇ ಅನ್ವಯ.

ಎಂಜಿನ್ ಆಯಿಲ್: ಹೊಸ ಪೆಟ್ರೋಲ್ ಎಂಜಿನ್‌ಗಳಿಗೆ 0ಡಬ್ಲ್ಯು-20, 0ಡಬ್ಲ್ಯು-16ರಂಥ ತೆಳು ಆಯಿಲ್ ಗೊತ್ತುಮಾಡಿರುತ್ತಾರೆ. ಆಯಿಲ್ ಹರಿಯುವ ಸಂದುಗಳನ್ನು ಅದಕ್ಕೆ ತಕ್ಕಂತೆ ಕಿರಿದಾಗಿ ಮಾಡಿರುವುದರಿಂದ ದಪ್ಪ ಆಯಿಲ್ ಹಾಕಿದರೆ ಒಳ್ಳೆಯದು ಎಂಬ ಹಳೆಯ ಅಭ್ಯಾಸ ಇಲ್ಲಿ ಸಲ್ಲದು. ಭಾರತದಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಆಯಿಲ್ ಮತ್ತು ಫಿಲ್ಟರ್ ಬದಲಿಸುವುದು ಸಾಮಾನ್ಯ ರೂಢಿ; ಕಠಿಣ ಬಳಕೆಯಲ್ಲಿ ಇನ್ನೂ ಬೇಗ. ನಡುವೆ ಪರೀಕ್ಷಿಸಲು ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಆಯಿಲ್ ಕೆಳಗಿಳಿಯಲು ಕೆಲವು ನಿಮಿಷ ಬಿಡಬೇಕು. ಡಿಪ್‌ಸ್ಟಿಕ್ ಹೊರತೆಗೆದು ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗಿಳಿಸಿ ಮತ್ತೆ ತೆಗೆದಾಗ ಆಯಿಲಿನ ಗುರುತು ಎರಡು ಗೆರೆಗಳ ನಡುವೆ ಇರಬೇಕು. ಕಡಿಮೆಯಿದ್ದರೆ ಎಷ್ಟು ಅಪಾಯವೋ ಮೇಲಿನ ಗೆರೆ ಮೀರಿ ತುಂಬಿದರೂ ಹಾನಿಯೇ.

ಕೂಲೆಂಟ್: ಟೊಯೋಟಾ ಗುಲಾಬಿ ಬಣ್ಣದ, ಹೋಂಡಾ ನೀಲಿ ಬಣ್ಣದ ದೀರ್ಘಬಾಳಿಕೆಯ ಕೂಲೆಂಟ್ ಬಳಸುತ್ತವೆ. ಬೇರೆ ಬೇರೆ ಜಾತಿಯವನ್ನು ಬೆರೆಸಬಾರದು. ನಲ್ಲಿ ನೀರು ಸುರಿದರೆ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಲವಣ ಕಟ್ಟಿಕೊಳ್ಳುತ್ತದೆ. ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಅತಿಶಾಖ ತಾಳದು. ಉಷ್ಣತೆಯ ಮುಳ್ಳು ಕೆಂಪಿಗೆ ಏರಿದ ಮೇಲೂ ಓಡಿಸಿದರೆ ಹೆಡ್ ಬಾಗಿ ಗ್ಯಾಸ್ಕೆಟ್ ಹಾರುತ್ತದೆ. ಲಕ್ಷಗಟ್ಟಲೆ ಕಿ.ಮೀ. ಓಡಬಲ್ಲ ಎಂಜಿನ್ ಅರ್ಧ ಗಂಟೆಯಲ್ಲಿ ಹಾಳಾಗುವುದು ಹೀಗೆ.

ಗೇರ್ ಪೆಟ್ಟಿಗೆ: ಸಿವಿಟಿಗೆ ಕಂಪನಿ ಹೇಳಿದ ದ್ರವವನ್ನೇ ಹಾಕಬೇಕು, ಸಾಮಾನ್ಯ ಆಟೊಮ್ಯಾಟಿಕ್ ಗೇರಿನ ದ್ರವ ಹಾಕಿದರೆ ಬೆಲ್ಟ್ ಜಾರಿ ಸವೆಯುತ್ತದೆ. ಹೊರಡುವಾಗ ನಡುಕ, ವೇಗ ಏರುವಾಗ ಕೀರಲು ಸದ್ದು ಸವೆತದ ಮುನ್ಸೂಚನೆ. ಕ್ಲಚ್ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಚಾಳಿಯಿಂದ ಮ್ಯಾನುಯಲ್ ಕಾರಿನ ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ.

ಟೈಮಿಂಗ್ ಚೈನ್ ಮತ್ತು ಬೆಲ್ಟ್: ಈಚಿನ ಹೆಚ್ಚಿನ ಎಂಜಿನ್‌ಗಳಲ್ಲಿ ಚೈನ್ ಇದೆ, ಆಯಿಲ್ ಶುದ್ಧವಾಗಿದ್ದರೆ ಎಂಜಿನ್ನಿನಷ್ಟೇ ಬಾಳುತ್ತದೆ. ಹಳೆಯ ಇನ್ನೋವಾ ಡೀಸೆಲ್‌ನಂಥವುಗಳಲ್ಲಿ ರಬ್ಬರ್ ಬೆಲ್ಟ್ ಇದ್ದು, ಅದನ್ನು ಕೈಪಿಡಿ ಹೇಳಿದ ಅವಧಿಗೆ ಬದಲಿಸಲೇಬೇಕು. ಓಡುವಾಗ ಹರಿದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬೆಲ್ಟ್ ಬದಲಿಸಿದ ರಸೀದಿಯನ್ನು ಮೊದಲು ಕೇಳಬೇಕಾದದ್ದು ಇದಕ್ಕಾಗಿ.

ಇತರ ಭಾಗಗಳು: ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಸುಮಾರು ಎರಡು ವರ್ಷಕ್ಕೊಮ್ಮೆ ಬದಲಾವಣೆ ಬೇಕು. ಇರಿಡಿಯಂ ಸ್ಪಾರ್ಕ್ ಪ್ಲಗ್‌ಗಳು ಸುಮಾರು 1 ಲಕ್ಷ ಕಿ.ಮೀ. ಬಾಳುತ್ತವೆ, ಅವುಗಳ ತುದಿಯನ್ನು ಬ್ರಷ್‌ನಿಂದ ಉಜ್ಜಬಾರದು. ಗುಂಡಿ ಬಿದ್ದ ರಸ್ತೆಗಳಲ್ಲಿ ಮೊದಲು ಸೋಲುವುದು ಸಸ್ಪೆನ್ಶನ್ನಿನ ಬುಷ್, ಲಿಂಕ್ ರಾಡ್‌ಗಳು. ಕರಾವಳಿಯ ಉಪ್ಪುಗಾಳಿ ಮತ್ತು ಮಳೆಯಲ್ಲಿ ಓಡುವ ಕಾರಿನ ಅಡಿಭಾಗವನ್ನು ಮಳೆಗಾಲ ಮುಗಿದ ಮೇಲೆ ತೊಳೆಸಿ ತುಕ್ಕು ನೋಡಿಸುವುದು ಅಗತ್ಯ. ಹೈಬ್ರಿಡ್ ಕಾರುಗಳಲ್ಲಿ ಬ್ಯಾಟರಿಯನ್ನು ತಂಪಾಗಿಡುವ ಗಾಳಿ ಸೀಟಿನ ಬಳಿಯ ಜಾಲರಿಯ ಮೂಲಕ ಒಳಹೋಗುತ್ತದೆ. ಅದನ್ನು ಸಾಮಾನಿನಿಂದ ಮುಚ್ಚಿದರೆ, ಅದರ ಫಿಲ್ಟರಿನಲ್ಲಿ ದೂಳು ಕಟ್ಟಿದರೆ ಬ್ಯಾಟರಿಯ ಆಯುಷ್ಯ ಕುಗ್ಗುತ್ತದೆ.

ಬಿಡಿಭಾಗಗಳು: ಕಂಪನಿಯ ಡಬ್ಬಿಯಲ್ಲಿ ಬರುವ ಅಸಲಿ ಭಾಗಗಳನ್ನು ಎಷ್ಟೋ ಸಲ ಡೆನ್ಸೊ, ಐಸಿನ್, ಎನ್‌ಜಿಕೆ, ಕಯಾಬಾ ಮೊದಲಾದ ಪೂರೈಕೆದಾರರೇ ತಯಾರಿಸಿರುತ್ತಾರೆ. ಅವರು ಸ್ವಂತ ಹೆಸರಿನಲ್ಲಿ ಮಾರುವ ಭಾಗಗಳು ವಾರಂಟಿ ಮುಗಿದ ಕಾರಿಗೆ ಅಗ್ಗದ ಒಳ್ಳೆಯ ಆಯ್ಕೆ. ಆಯಿಲ್ ಫಿಲ್ಟರ್, ಬ್ರೇಕ್ ಪ್ಯಾಡ್‌ಗಳಲ್ಲಿ ನಕಲಿ ಮಾಲು ಹೆಚ್ಚು. ಡಬ್ಬಿಯ ಹಾಲೋಗ್ರಾಂ ಮತ್ತು ಭಾಗದ ಸಂಖ್ಯೆಯನ್ನು ನೋಡಿಯೇ ಕೊಳ್ಳಬೇಕು.

ಬಳಸಿದ ಕಾರುಗಳ ವ್ಯಾಪಾರ

ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷ ತುಂಬಿದಾಗ, ಅನಂತರ ಎರಡು ವರ್ಷಕ್ಕೊಮ್ಮೆ, ಶಾಕೆನ್ ಎಂಬ ಕಡ್ಡಾಯ ತಪಾಸಣೆ ನಡೆಯುತ್ತದೆ. ತಪಾಸಣೆ, ತೆರಿಗೆ, ವಿಮೆ ಸೇರಿ ಖರ್ಚು ಹೆಚ್ಚುವುದರಿಂದ ಸುಸ್ಥಿತಿಯ ಕಾರುಗಳೇ ಹರಾಜಿಗೆ ಬರುತ್ತವೆ. ಹರಾಜಿನ ಪ್ರತಿ ಕಾರಿಗೂ ಒಂದು ಹಾಳೆ ಇರುತ್ತದೆ. ಅದರಲ್ಲಿ ದರ್ಜೆ, ಓಡಿದ ಕಿ.ಮೀ., ಮತ್ತು ಕಾರಿನ ರೇಖಾಚಿತ್ರದ ಮೇಲೆ ಗೀರಿಗೆ ಎ, ತಗ್ಗಿಗೆ ಯು, ದುರಸ್ತಿಯಾದ ಜಾಗಕ್ಕೆ ಡಬ್ಲ್ಯು, ತುಕ್ಕಿಗೆ ಎಸ್ ಎಂಬ ಗುರುತುಗಳಿರುತ್ತವೆ. ಅಪಘಾತದ ದುರಸ್ತಿ ಆಗಿದ್ದರೆ ದರ್ಜೆಯ ಜಾಗದಲ್ಲಿ ಆರ್ ಎಂದು ಬರೆಯುತ್ತಾರೆ. ಸಾವಿರಾರು ಮೈಲಿ ದೂರದ ವ್ಯಾಪಾರಿ ಕಾರನ್ನು ಕಣ್ಣಾರೆ ನೋಡದೆ ಕೊಳ್ಳುವುದು ಈ ಹಾಳೆಯ ಭರವಸೆಯ ಮೇಲೆ.

ಕೀನ್ಯಾ, ತಾಂಜಾನಿಯಾ, ಪಾಕಿಸ್ತಾನ, ನ್ಯೂಜಿಲೆಂಡ್, ಮಂಗೋಲಿಯಾ ಮುಂತಾದ ದೇಶಗಳಿಗೆ ಈ ಕಾರುಗಳು ಹೋಗುತ್ತವೆ. ಎಡಬದಿಯ ಸಂಚಾರವಿರುವ ದೇಶಗಳಿಗೆ ಬಲಗೈ ಸ್ಟೀರಿಂಗ್ ಹೊಂದುತ್ತದೆ. ಕೀನ್ಯಾ ಎಂಟು ವರ್ಷಕ್ಕಿಂತ ಹಳೆಯ ಕಾರುಗಳನ್ನು ಬಿಟ್ಟುಕೊಳ್ಳುವುದಿಲ್ಲ. ಇಂಥ ಕಾರುಗಳಿಗೆ ಕೆಲವು ವಿಶೇಷ ತೊಡಕುಗಳಿವೆ: ಪರದೆಯ ಬರಹ ಜಪಾನಿ ಭಾಷೆಯಲ್ಲಿರುತ್ತದೆ, ಜಪಾನಿನ ಎಫ್‌ಎಂ ತರಂಗಗಳ ವ್ಯಾಪ್ತಿ 76 ಮೆಗಾಹರ್ಟ್ಸ್‌ನಿಂದ ಶುರುವಾಗುವುದರಿಂದ ರೇಡಿಯೊದಲ್ಲಿ ಸ್ಥಳೀಯ ಕೇಂದ್ರಗಳು ಪೂರ್ತಿ ಸಿಗುವುದಿಲ್ಲ. ಭಾರತದಲ್ಲಿ ಭಾರಿ ಆಮದು ಸುಂಕದಿಂದಾಗಿ ಈ ವ್ಯಾಪಾರ ಬೆಳೆದಿಲ್ಲ.

ಭಾರತ ಮತ್ತು ಕರ್ನಾಟಕದಲ್ಲಿ

ಭಾರತ ಸರ್ಕಾರ 1981ರಲ್ಲಿ ಸ್ಥಾಪಿಸಿದ ಮಾರುತಿ ಉದ್ಯೋಗ್ ಕಂಪನಿ 1982ರಲ್ಲಿ ಸುಜುಕಿ ಜೊತೆ ಒಪ್ಪಂದ ಮಾಡಿಕೊಂಡಿತು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800 ಕಾರಿನ ಕೀಲಿಯನ್ನು ಹಸ್ತಾಂತರಿಸಿದರು. 796 ಸಿಸಿಯ, ಮೂರು ಸಿಲಿಂಡರಿನ ಆ ಕಾರು ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳ ಕಾಲವನ್ನು ಕೊನೆಗಾಣಿಸಿ, 2014ರವರೆಗೆ ತಯಾರಿಕೆಯಲ್ಲಿತ್ತು. ಸುಜುಕಿ ಕಂಪನಿಯನ್ನು ಭಾರತಕ್ಕೆ ತಂದ ಒಸಾಮು ಸುಜುಕಿ 2024ರ ಡಿಸೆಂಬರಿನಲ್ಲಿ ನಿಧನರಾದರು. ಮರುವರ್ಷ ಭಾರತ ಸರ್ಕಾರ ಅವರಿಗೆ ಮರಣೋತ್ತರ ಪದ್ಮವಿಭೂಷಣ ನೀಡಿತು.

ಕರ್ನಾಟಕದಲ್ಲಿ 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಮೋಟರ್ ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿಯಲ್ಲಿದೆ. ಇದರಲ್ಲಿ ಟೊಯೋಟಾದ ಪಾಲು ಶೇ. 89, ಕಿರ್ಲೋಸ್ಕರ್ ಸಮೂಹದ್ದು ಶೇ. 11. ಮೊದಲ ವಾಹನ ಕ್ವಾಲಿಸ್ 2000ದಲ್ಲಿ ಮಾರುಕಟ್ಟೆಗೆ ಬಂತು. 2005ರಲ್ಲಿ ಅದರ ಜಾಗಕ್ಕೆ ಬಂದ ಇನ್ನೋವಾ, ಟ್ರಾವೆಲ್ಸ್‌ನವರಿಂದ ಹಿಡಿದು ಮಂತ್ರಿಗಳವರೆಗೆ ಎಲ್ಲರ ವಾಹನವಾಯಿತು. 2016ರಲ್ಲಿ ಕ್ರಿಸ್ಟಾ, 2022ರಲ್ಲಿ ಹೈಬ್ರಿಡ್ ಎಂಜಿನ್ನೂ ಇರುವ ಹೈಕ್ರಾಸ್ ಬಂದವು. ಗ್ರಾಮೀಣ ಯುವಕರಿಗೆ ವಾಹನ ತಂತ್ರಜ್ಞಾನ ಕಲಿಸುವ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ 2007ರಿಂದ ಬಿಡದಿಯಲ್ಲೇ ನಡೆಯುತ್ತಿದೆ. ಟೊಯೋಟಾ ಮತ್ತು ಸುಜುಕಿ ಈಗ ಮಾದರಿಗಳನ್ನು ಹಂಚಿಕೊಳ್ಳುತ್ತವೆ: ಸುಜುಕಿಯ ಬಲೆನೊ ಕಾರು ಟೊಯೋಟಾದಲ್ಲಿ ಗ್ಲಾಂಝಾ ಎಂಬ ಹೆಸರಿನಲ್ಲೂ, ಟೊಯೋಟಾದ ಹೈಕ್ರಾಸ್ ಸುಜುಕಿಯಲ್ಲಿ ಇನ್ವಿಕ್ಟೊ ಎಂಬ ಹೆಸರಿನಲ್ಲೂ ಸಿಗುತ್ತದೆ. ಹೆಸರು ಬೇರೆಯಾದರೂ ಎಂಜಿನ್ ಒಂದೇ ಆದ್ದರಿಂದ ಎಷ್ಟೋ ಬಿಡಿಭಾಗಗಳು ಎರಡಕ್ಕೂ ಹೊಂದುತ್ತವೆ.

ದೋಷ ಮತ್ತು ಹಿಂಪಡೆತ

ಗುಣಮಟ್ಟದ ಹೆಸರಿಗೆ ಕಳಂಕ ತಂದ ಪ್ರಕರಣಗಳೂ ನಡೆದಿವೆ. 2009–10ರಲ್ಲಿ ಆಕ್ಸಿಲರೇಟರ್ ಪೆಡಲ್ ಮತ್ತು ನೆಲಹಾಸಿನ ತೊಂದರೆಯಿಂದ ಟೊಯೋಟಾ ಲಕ್ಷಾಂತರ ಕಾರುಗಳನ್ನು ಹಿಂಪಡೆಯಿತು. ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳು ಸಿಡಿದು ಲೋಹದ ಚೂರು ಎರಚಿದ್ದರಿಂದ ವಾಹನ ಇತಿಹಾಸದ ಅತಿದೊಡ್ಡ ಹಿಂಪಡೆತ ನಡೆದು, 2017ರಲ್ಲಿ ಆ ಕಂಪನಿ ದಿವಾಳಿಯಾಯಿತು. ಮಿತ್ಸುಬಿಷಿ 2016ರಲ್ಲಿ ಮೈಲೇಜಿನ ಅಂಕಿಗಳನ್ನು ತಿರುಚಿದ್ದನ್ನು ಒಪ್ಪಿಕೊಂಡಿತು. 2023ರಲ್ಲಿ ದೈಹತ್ಸು ಸುರಕ್ಷತಾ ಪರೀಕ್ಷೆಗಳಲ್ಲಿ ಅಕ್ರಮ ನಡೆಸಿದ್ದು ಬಯಲಾಯಿತು. ಹಿಂಪಡೆದ ಕಾರಿನ ದುರಸ್ತಿ ಉಚಿತ. ಚಾಸಿ ಸಂಖ್ಯೆ ಕೊಟ್ಟರೆ ಯಾವುದೇ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಅದರ ವಿವರ ಸಿಗುತ್ತದೆ. ಹಳೆಯ ಕಾರು ಕೊಳ್ಳುವವರು ಇದನ್ನು ವಿಚಾರಿಸಿಕೊಳ್ಳಬೇಕು.

ಇಂದಿನ ಸ್ಥಿತಿ

ವಿದ್ಯುತ್ ಕಾರುಗಳ ಸ್ಪರ್ಧೆಯಲ್ಲಿ ಜಪಾನಿ ಕಂಪನಿಗಳು ಚೀನಾದ ಕಂಪನಿಗಳಿಗಿಂತ ಹಿಂದೆ ಬಿದ್ದಿವೆ. 2023ರಲ್ಲಿ ಚೀನಾ ಜಪಾನನ್ನು ಮೀರಿ ಅತಿ ಹೆಚ್ಚು ವಾಹನ ರಫ್ತು ಮಾಡುವ ದೇಶವಾಯಿತು. ಹೋಂಡಾ ಮತ್ತು ನಿಸ್ಸಾನ್ ಒಂದಾಗುವ ಮಾತುಕತೆ 2024ರ ಡಿಸೆಂಬರಿನಲ್ಲಿ ಪ್ರಕಟವಾಗಿ 2025ರ ಫೆಬ್ರುವರಿಯಲ್ಲಿ ಮುರಿದುಬಿತ್ತು. ಹೈಬ್ರಿಡ್ ಕಾರುಗಳಲ್ಲಿ ಮಾತ್ರ ಟೊಯೋಟಾದ ಹಿಡಿತ ಸಡಿಲವಾಗಿಲ್ಲ. ತಯಾರಿಕೆಯ ಒಂದು ಪಾಲು ಭಾರತಕ್ಕೆ ಸರಿಯುತ್ತಿದೆ. ರಾಜಸ್ಥಾನದ ತಪೂಕರಾದಲ್ಲಿ ತಯಾರಾಗುವ ಹೋಂಡಾ ಎಲಿವೇಟ್ ಜಪಾನಿನಲ್ಲಿ ಡಬ್ಲ್ಯುಆರ್-ವಿ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದೆ. 2024ರ ಆಗಸ್ಟಿನಲ್ಲಿ ಗುಜರಾತಿನ ಪಿಪಾವಾವ್ ಬಂದರಿನಿಂದ 1,600ಕ್ಕೂ ಹೆಚ್ಚು ಮಾರುತಿ ಸುಜುಕಿ ಫ್ರಾಂಕ್ಸ್ ಕಾರುಗಳ ಮೊದಲ ಕಂತು ಜಪಾನಿಗೆ ರವಾನೆಯಾಯಿತು.